ಐವತ್ತಮೂರನೆಯ ಬೆಳ್ಳಿರವೆ

ಪಡುಗಡಲಿನ ಉಬ್ಬರವು ಹಿರಿಹೊಳೆಯೊಳಕ್ಕೆ ನುಗ್ಗಿ, ಕೋಟೆಯ ಕಲ್ಲುಮೆಟ್ಟಿಲುಗಳಲ್ಲಿ ಏಳನೆಯದನ್ನು ಮುಟ್ಟಿದೊಡನೆ ಶಂಖಪುರದ ಬಂದರುಬಾಗಿಲಿನ ನಗಾರಿ ಮೊಳಗುವುದು ವಾಡಿಕೆ. ಮಾಘಮಾಸದ ಆ ಬೆಳಗೂ ಅದು ಮೊಳಗಿತು. ಮೆಣಸು, ಏಲಕ್ಕಿ, ಶ್ರೀಗಂಧ ತುಂಬಿದ ಪಡಾವುಗಳು ಒಂದರ ಬೆನ್ನಿಗೊಂದು ಹಾಯಿ ಬಿಚ್ಚಿದವು. ಹರ್ಮುಜಿನಿಂದ ಬಂದಿಳಿದ ಕುದುರೆಗಳು ಹಲಗೆಯ ಮೇಲೆ ಕಾಲಿಡಲೊಲ್ಲದೆ ಕೆನೆದು ಬಂದರಿನ ಆಳುಗಳ ತಾಳ್ಮೆ ಕೆಡಿಸಿದವು. ಹೊಳೆಯಲ್ಲಿ ಮಿಂದುಬಂದ ಪಟ್ಟದಾನೆ ಮೈಯ ನೀರು ಆರುವ ಮುನ್ನವೇ ರಾಜಬೀದಿಯ ಧೂಳನ್ನು ಸೊಂಡಿಲಿನಿಂದ ಬೆನ್ನಿಗೆ ಎರಚಿಕೊಂಡು, ಅರ್ಧ ಜಾವ ಉಜ್ಜಿದ್ದ ಮಾವುತನ ಶ್ರಮವನ್ನು ಮಣ್ಣುಪಾಲು ಮಾಡಿತು. ಇವೆಲ್ಲದರ ಮೇಲೆ ಅರಮನೆಯ ಹೊಂಗಳಶವು ಎಳಬಿಸಿಲಿಗೆ ಹೊಳೆಯುತ್ತ, ರಾಜ್ಯದಲ್ಲಿ ಎಲ್ಲವೂ ಸುಸೂತ್ರವಾಗಿದೆಯೆಂದು ದೂರದ ಹಡಗಿನವರಿಗೆ ಸುಳ್ಳು ಹೇಳುತ್ತಿತ್ತು.

ಸುಸೂತ್ರವಾಗಿ ಏನೂ ಇರಲಿಲ್ಲ. ಇಪ್ಪತ್ತಾರು ವರ್ಷ ರಾಜ್ಯಭಾರದ ನೊಗ ಹೊತ್ತಿದ್ದ ಪ್ರಧಾನಿ ಅನಂತರಸಯ್ಯನವರು ರಾಜದ್ರೋಹದ ಆರೋಪದ ಮೇಲೆ ಸೆರೆಯಲ್ಲಿದ್ದರು. ಹೊಳೆಯ ಮುಖದಾಚೆ ಕೋಟೆ ಕಟ್ಟಿಕೊಂಡಿದ್ದ ಪರಂಗಿಯವರೊಡನೆ ಯುದ್ಧ ಬೇಡ, ಒಪ್ಪಂದ ಸಾಕೆಂಬುದು ಪ್ರಧಾನಿಗಳ ನಿಲುವು. ಯುದ್ಧವಿಲ್ಲದ ರಾಜ್ಯದಲ್ಲಿ ದಳವಾಯಿಯನ್ನು ಕೇಳುವವರಿಲ್ಲವೆಂಬುದು ದಳವಾಯಿ ಕೆಂಚರಸನ ಕೊರಗು. ಒಪ್ಪಂದದ ಗುರುತಾಗಿ ಪರಂಗಿ ಕಪಿತಾನನ ಹೆಂಡತಿಗೆ ಪ್ರಧಾನಿಗಳು ಕಳಿಸಿದ ಬೆಳ್ಳಿಯ ಪದಕವನ್ನು ಗಡಿಯ ಉಕ್ಕಡದಲ್ಲಿ ಕೆಂಚರಸನ ಕಾವಲಿನವರು ತಡೆದು ತೆರೆದಾಗ, ಒಳಗಿನಿಂದ ಮಡಿಸಿದ ಕಾಗದವೊಂದು ಜಾರಿಬಿತ್ತು. ಇಂಥ ದಿನ ಬಂದರುಬಾಗಿಲಿನ ಅಗುಳಿ ತೆಗೆದಿರುತ್ತದೆ, ಹಡಗು ತನ್ನಿ ಎಂದು ಅದರಲ್ಲಿ ಬರೆದಿತ್ತು. ಅಕ್ಷರ ಪ್ರಧಾನಿಗಳ ಅಕ್ಷರವನ್ನೇ ಹೋಲುತ್ತಿತ್ತು.

ಆ ಪದಕವನ್ನು ಮಾಡಿದವನು ಬಸ್ತ್ಯಾಂವ್. ಕೋಟೆಯ ತೆಂಕಣ ಮಗ್ಗುಲಲ್ಲಿ, ಹೊಳೆ ಬಾಗುವೆಡೆಯಲ್ಲಿದ್ದ ಇಪ್ಪತ್ತೆರಡು ಮನೆಗಳ ಕಿರಿಸ್ತಾನರ ಕೇರಿಯಲ್ಲಿ ಅವನದು ಕೊನೆಯ ಮನೆ. ಗೋವೆಯ ಕಡೆಯ ಗಲಭೆಗಳಿಗೆ ಬೆದರಿ, ಒಡೆದ ದೋಣಿಗಳಲ್ಲಿ ಬಂದ ಈ ಜನಕ್ಕೆ ಜಾಗ ಕೊಟ್ಟವರು, ಒಂದು ಸಣ್ಣ ಇಗರ್ಜಿ ಕಟ್ಟಿಕೊಳ್ಳಲು ಅಪ್ಪಣೆ ಕೊಟ್ಟವರು ಅನಂತರಸಯ್ಯನವರೇ. ಅವರು ಬಿದ್ದರೆ ಕೇರಿಯೂ ಬಿದ್ದಂತೆ. ದಳವಾಯಿ ಅದನ್ನು ಬಾಯಿಬಿಟ್ಟೇ ಹೇಳಿದ್ದ. ಬಸ್ತ್ಯಾಂವನ ಮನೆತನದ ಕಸುಬು ಬೆಳ್ಳಿಯ ತಂತಿಗೆಲಸ. ಕೂದಲೆಳೆಯಷ್ಟು ತೆಳುವಾಗಿ ಎಳೆದ ತಂತಿಯನ್ನು ಹೊಸೆದು, ಸುರುಳಿ ಸುತ್ತಿ, ಬಳ್ಳಿ ಹಬ್ಬಿಸಿ, ನಡುವೆ ಎರಡು ಸ್ಫಟಿಕದ ಬಿಲ್ಲೆಗಳನ್ನು ಕೂರಿಸಿ ಅವನು ಮಾಡುತ್ತಿದ್ದ ಪದಕಗಳಿಗೆ ಕೇರಿಯವರು ‘ಗೂಡು’ ಎನ್ನುತ್ತಿದ್ದರು. ಆ ಬಿಲ್ಲೆಗಳ ನಡುವೆ ಯಾರೋ ಸಂತರ ಮೂಳೆಯ ಚೂರೋ, ಅವರ ಬಟ್ಟೆಯ ಒಂದು ಎಳೆಯೋ ಇರುತ್ತಿತ್ತು. ಅದನ್ನು ಒಳಗಿಟ್ಟು ಅರಗಿನ ಮುದ್ರೆ ಒತ್ತುವವರು ಪಾದ್ರಿಗಳು. ಆಮೇಲೆ ಅದು ಒಡವೆಯಲ್ಲ, ಸಂತರ ಮನೆ.

ಆ ಬೆಳಿಗ್ಗೆ ಅರಮನೆಯ ಓಲೆಕಾರರು ಬಸ್ತ್ಯಾಂವನನ್ನು ಸಾಕ್ಷಿಗಾಗಿ ಆಸ್ಥಾನಕ್ಕೆ ಕರೆದೊಯ್ದರು. ಸಿಂಹಾಸನದ ಮೇಲೆ ಲಿಂಗರಸ ನಾಯಕರು ಕುಳಿತಿದ್ದರು: ಇಪ್ಪತ್ತೈದರ ಹರೆಯ, ಪ್ರಧಾನಿಗಳ ತೊಡೆಯ ಮೇಲೆ ಕುಳಿತು ಅಕ್ಷರ ಕಲಿತವರು, ಮೂರು ದಿನದಿಂದ ಸರಿಯಾಗಿ ಉಂಡವರಲ್ಲ. ಕೆಂಚರಸನು ಬೆಳ್ಳಿಯ ತಟ್ಟೆಯೊಂದನ್ನು ಬಸ್ತ್ಯಾಂವನ ಮುಂದೆ ಹಿಡಿಸಿದನು.

“ಈ ಪದಕ ನಿನ್ನ ಕೈಯ ಕೆಲಸವೇನಯ್ಯ?”

“ಹೌದು ಬುದ್ಧಿ, ನನ್ನ ಕೈಯದೇ. ಇಂಥ ತಂತಿ ಎಳೆಯುವವರು ಈ ಕರಾವಳಿಯಲ್ಲಿ ಬೇರೆ ಯಾರೂ ಇಲ್ಲ.”

“ಪ್ರಧಾನಿಗಳು ಹೇಳಿ ಮಾಡಿಸಿದ್ದು ನಿಜವೋ?”

“ನಿಜ. ಆದರೆ—”

“ಆದರೆ ಎಂಬುದನ್ನು ನಿನ್ನನ್ನು ಯಾರೂ ಕೇಳಲಿಲ್ಲ. ಕೇಳಿದಷ್ಟಕ್ಕೆ ಉತ್ತರ ಬಂದಾಯಿತು, ಮಹಾಸ್ವಾಮಿ.”

ಕಸುಬಿನ ಜಂಬ ಮನುಷ್ಯನನ್ನು ಯಾವ ಹೊತ್ತಿನಲ್ಲಿ ಕೈಬಿಡುತ್ತದೆಂದು ಹೇಳಲಾಗದು. ತಟ್ಟೆ ತಿರುಗಿ ಹೋಗುವಾಗ, ಓಲೆಕಾರರು ತನ್ನನ್ನು ಹೊರಕ್ಕೆ ನಡೆಸುತ್ತಿದ್ದಂತೆ, ಬಸ್ತ್ಯಾಂವನಿಗೆ ಪದಕದ ಮೇಲಂಚು ಕಂಡಿತು. ಸರ ಪೋಣಿಸುವ ಬಳೆಯ ಎಡಕ್ಕೆ, ಸಾಸಿವೆಯಷ್ಟು ಜಾಗ ಖಾಲಿಯಿತ್ತು.

ಗೂಡಿನ ಅಂಚಿಗೆ ಸುತ್ತಲೂ ಬೆಳ್ಳಿಯ ಸಣ್ಣ ರವೆಗಳನ್ನು ಬೆಸೆಯುವುದು ರೂಢಿ. ಅದು ಎಲ್ಲರಿಗೂ ಕಾಣುವಂಥದ್ದು. ಕಾಣದಿದ್ದದ್ದು ಲೆಕ್ಕ. ಸಂತರಿಗಾಗಿ ಮಾಡಿದ ಗೂಡಿಗೆ ಐವತ್ತಮೂರು ರವೆ, ಜಪಸರದಲ್ಲಿ ಮಾತೆ ಮರಿಯಳಿಗೆ ಸಲ್ಲುವ ಮಣಿಗಳಷ್ಟು. ಬರಿಯ ಶೃಂಗಾರಕ್ಕೆಂದು ಯಾರಾದರೂ ಮಾಡಿಸಿಕೊಂಡರೆ ಬಳೆಯ ಎಡಗಡೆಯ ಒಂದನ್ನು ಬಿಡಬೇಕು. ಖಾಲಿ ಗೂಡು ತುಂಬಿದ ಗೂಡಿನಂತೆ ಕಾಣಬಾರದು. ತಾತ ತಂದೆಗೆ, ತಂದೆ ಬಸ್ತ್ಯಾಂವನಿಗೆ ಪೀಠದ ಮುಂದೆ ಆಣೆ ಹಾಕಿಸಿ ಕಲಿಸಿದ ಗುಟ್ಟಿದು. ಬಸ್ತ್ಯಾಂವನ ಹೊರತು ಇದನ್ನು ಬಲ್ಲವರು ಇಗರ್ಜಿಯ ಪಾದ್ರಿ ಒಬ್ಬರೇ, ಅಸಲಿ ನಕಲಿಯ ಗುರುತಿಗೆಂದು.

ಪ್ರಧಾನಿಗಳು ಮಾಡಿಸಿದ್ದು ಸಂತರ ಗೂಡು. ಒಳಗೆ ಅವಶೇಷವನ್ನು ಪರಂಗಿ ಕೋಟೆಯ ಪಾದ್ರಿಗಳು ಇಡತಕ್ಕದ್ದಾದ್ದರಿಂದ ಖಾಲಿಯಾಗಿಯೇ ಕೊಟ್ಟಿದ್ದನಾದರೂ, ಅದಕ್ಕೆ ಅವನು ಐವತ್ತಮೂರು ರವೆ ಇಟ್ಟಿದ್ದ. ಈ ತಟ್ಟೆಯಲ್ಲಿದ್ದುದು ಐವತ್ತೆರಡರದು. ಅಂಥದ್ದನ್ನು ಅವನು ಈ ವರ್ಷ ಒಂದೇ ಒಂದು ಮಾಡಿದ್ದ. ಎರಡು ತಿಂಗಳ ಹಿಂದೆ ದಳವಾಯಿಯ ಮನೆಯ ಪಾರುಪತ್ಯಗಾರ ಬಂದು, “ಪ್ರಧಾನಿಗಳು ಮಾಡಿಸುತ್ತಿರುವಂಥದೇ ದಳವಾಯಿಗಳ ಮಗಳು ನಮ್ಮ ಚಿಕ್ಕಮ್ಮಣ್ಣಿಗೂ ಬೇಕಂತೆ, ಒಂದಿಷ್ಟೂ ಹೆಚ್ಚುಕಡಿಮೆ ಇರಬಾರದು” ಎಂದು ಮುಂದೆ ಕುಳಿತು ಮಾಡಿಸಿಕೊಂಡು ಹೋಗಿದ್ದ. ಈಗ ಎಲ್ಲವೂ ಬಿಡಿಸಿದಂತೆ ಅರ್ಥವಾಯಿತು. ಕಾಗದ ತುಂಬಿದ ಆ ಎರಡನೆಯ ಪದಕವನ್ನು ಉಕ್ಕಡದಲ್ಲಿ ಕೈಮರೆಯಲ್ಲಿಟ್ಟುಕೊಂಡು, ಪ್ರಧಾನಿಗಳದನ್ನು ಮಡಿಲಿಗೆ ಸೇರಿಸಿ, ಇದನ್ನು ದೂತನ ಕಣ್ಣೆದುರೇ ತೆರೆದಿದ್ದಾರೆ. ತಾನೋ, ಹೌದು ನನ್ನದೇ ಎಂದು ಎದೆಯುಬ್ಬಿಸಿ ಹೇಳಿ ಬಂದಿದ್ದಾನೆ. ಮೂರನೆಯ ದಿನ ಬೆಳಿಗ್ಗೆ ಪ್ರಧಾನಿಗಳ ಶಿರಚ್ಛೇದವೆಂದು ಅವನು ಅರಮನೆಯ ಮೆಟ್ಟಿಲಿಳಿಯುವಷ್ಟರಲ್ಲಿ ಸಾರಿದರು.

ಇಳಿದ ಮೆಟ್ಟಿಲನ್ನು ಅವನು ತಿರುಗಿ ಹತ್ತಿದ. ಬಾಗಿಲ ಅಧಿಕಾರಿ ಚೆನ್ನವೀರಯ್ಯ ಎಲೆಯಡಿಕೆಯ ಚೀಲ ಬಿಚ್ಚುತ್ತಿದ್ದ.

“ಅಯ್ಯನವರೆ, ಮಹಾಸ್ವಾಮಿಗಳ ಹತ್ತಿರ ನಾಲ್ಕು ಮಾತು ಹೇಳಬೇಕಿತ್ತು.”

“ಈಗಷ್ಟೇ ಹೇಳಿ ಬಂದೆಯಲ್ಲ.”

“ಅರ್ಧ ಹೇಳಿದೆ. ಉಳಿದರ್ಧ ಬಾಕಿಯಿದೆ.”

“ಉಳಿದರ್ಧಕ್ಕೆ ಬಿನ್ನವತ್ತಳೆ ಬೇಕು. ರಾಯಸದವರ ಹತ್ತಿರ ಬರೆಸಿಕೊಂಡು ಬಾ.”

ರಾಯಸದವರು ವಿಷಯವೇನೆಂದು ಕೇಳಿದರು. ವಿಷಯವನ್ನು ಮಹಾಸ್ವಾಮಿಗಳ ಮುಂದೆ ಮಾತ್ರ ಹೇಳುವುದೆಂದ. ವಿಷಯವಿಲ್ಲದೆ ಬಿನ್ನವತ್ತಳೆ ಬರೆಯುವ ಪದ್ಧತಿಯಿಲ್ಲವೆಂದರು. ಹಾಗಾದರೆ ಪ್ರಧಾನಿಗಳ ಪದಕದ ವಿಷಯವೆಂದು ಬರೆಯಿರಿ ಎಂದ. ಲೇಖಣಿ ಕೆಳಗಿಟ್ಟು, ಸೆರೆಯಲ್ಲಿರುವವರ ವಿಷಯ ದಳವಾಯಿಗಳ ಒಪ್ಪಿಗೆಯಿಲ್ಲದೆ ಬರೆಯುವಂತಿಲ್ಲವೆಂದರು. ಬಸ್ತ್ಯಾಂವನಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡನ್ನೂ ನುಂಗಿಕೊಂಡ. ಸೆರೆಮನೆಯಲ್ಲಿ ಪ್ರಧಾನಿಗಳನ್ನು ಕಾಣಹೋದರೆ ಕಾವಲಿನವನು ಬಾಗಿಲ ಅಧಿಕಾರಿಯ ಚೀಟಿ ಕೇಳಿದ. ಬಾಗಿಲ ಅಧಿಕಾರಿ ಊಟಕ್ಕೆ ಹೋಗಿದ್ದ. ಊಟದಿಂದ ಬಂದವನು ಮಲಗಿದ್ದ. ಎದ್ದವನು, ಹೊತ್ತಾಯಿತು ನಾಳೆ ಬಾ ಎಂದ.

ಮರುದಿನವೂ ಅದೇ ಹಾಡು. ಮೂರನೆಯ ಸಲ ಕಂಬದ ಹಾಗೆ ಮುಂದೆ ನಿಂತವನನ್ನು ಕಂಡು ಚೆನ್ನವೀರಯ್ಯನಿಗೆ ಸಿಟ್ಟು ನೆತ್ತಿಗೇರಿತು.

“ನಿನಗೆ ಒಂದು ಸಲ ಹೇಳಿದರೆ ತಿಳಿಯುವುದಿಲ್ಲವೇನಯ್ಯ? ತೀರ್ಪು ಆದಮೇಲೆ ಬಿನ್ನವತ್ತಳೆಯೂ ಇಲ್ಲ, ಗಿನ್ನವತ್ತಳೆಯೂ ಇಲ್ಲ. ಇನ್ನು ಉಳಿದಿರುವುದು ತಲೆಹೊಣೆ ಒಂದೇ. ಹೋಗಿ ಅದನ್ನೇ ಮಾಡು.”

“ತಲೆಹೊಣೆ ಎಂದರೇನು ಅಯ್ಯನವರೆ?”

“ವಧೆಯ ದಿನ ಡಂಗುರದವನು ಮೂರು ಸಲ ಕೇಳುತ್ತಾನೆ, ಇವನ ತಲೆಗೆ ತನ್ನ ತಲೆ ಹೊಣೆಯಿಡುವವರು ಯಾರಾದರೂ ಇದ್ದೀರಾ ಎಂದು. ನಿಂತವನ ಮಾತನ್ನು ಪ್ರಭುಗಳು ಕೇಳಲೇಬೇಕು. ಮಾತು ಸುಳ್ಳಾದರೆ ಎರಡು ತಲೆ. ನಲವತ್ತು ವರ್ಷದಿಂದ ಯಾರೂ ನಿಂತದ್ದಿಲ್ಲ. ಈಗ ಬಾಗಿಲು ಬಿಡು, ಗಾಳಿ ಬರಲಿ.”

ಸಿಟ್ಟಿನಲ್ಲಾದರೂ ಆ ಬಾಗಿಲಿನಲ್ಲಿ ಅವನಿಗೆ ಸಿಕ್ಕಿದ ಒಂದೇ ಒಂದು ಉಪಯೋಗದ ಮಾತು ಅದು.

ತನ್ನ ಮಾತಿಗೆ ಆಧಾರ ಬೇಕೆಂದು ಅವನು ಇಗರ್ಜಿಗೆ ಹೋದ. ಜುಜೆ ಪಾದ್ರಿಗಳು ವೃದ್ಧರು, ಒಳ್ಳೆಯವರು, ಹೆದರುಪುಕ್ಕಲರು.

“ಸ್ವಾಮಿ, ಪೀಠದ ಮೇಲಿರುವ ಎರಡು ಗೂಡುಗಳನ್ನು ಒಂದು ದಿನದ ಮಟ್ಟಿಗೆ ಕೊಡಿ. ನೀವೂ ಬಂದು ಲೆಕ್ಕದ ಮಾತು ನಿಜವೆಂದು ಹೇಳಿ.”

“ಗೂಡುಗಳು ಇಗರ್ಜಿಯ ಹೊರಗೆ ಹೋಗಬೇಕಾದರೆ ಗೋವೆಯಿಂದ ಅಪ್ಪಣೆ ಬರಬೇಕು ಬಸ್ತ್ಯಾಂವ್. ಬರೆದು ಕೇಳುತ್ತೇನೆ.”

“ಎಷ್ಟು ದಿನ ಹಿಡಿಯುತ್ತದೆ?”

“ಗಾಳಿ ಸರಿಯಿದ್ದರೆ ಹದಿನೈದು ದಿನ.”

“ನಾಳೆ ಬೆಳಿಗ್ಗೆ ಪ್ರಧಾನಿಗಳ ತಲೆ ಹೋಗುತ್ತದೆ, ಸ್ವಾಮಿ.”

ಪಾದ್ರಿಗಳು ಪೀಠದ ಮೇಲಿನ ಗೂಡುಗಳತ್ತ ತಿರುಗಿದರು. “ನೀನು ಆ ಲೆಕ್ಕವನ್ನು ತುಂಬಿದ ಸಭೆಯಲ್ಲಿ ಹೇಳಿದೆಯೆಂದು ಇಟ್ಟುಕೊ. ನಾಳೆಯಿಂದ ಸಂತೆಯ ಪ್ರತಿಯೊಬ್ಬ ಮೋಸಗಾರನೂ ಐವತ್ತಮೂರು ರವೆ ಇಟ್ಟು, ಒಳಗೆ ಕೋಳಿಮೂಳೆ ತುಂಬಿ, ಸಂತರದೆಂದು ಮಾರುತ್ತಾನೆ. ಆಮೇಲೆ ಯಾವ ಇಗರ್ಜಿ ನಿನಗೆ ಕೆಲಸ ಕೊಟ್ಟೀತು? ಆಣೆ ಮುರಿದವನ ಕೈಯ ಗೂಡನ್ನು ನಾನು ಹೇಗೆ ಆಶೀರ್ವದಿಸಲಿ?”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಬಸ್ತ್ಯಾಂವನನ್ನು ಹೆಚ್ಚು ಕೆರಳಿಸಿತು. ಶತ್ರು ಅಡ್ಡ ನಿಂತರೆ ತಳ್ಳಬಹುದು. ಸಭ್ಯರೆಲ್ಲ ಸಾಲಾಗಿ ನಿಂತು ತಂತಮ್ಮ ನಿಯಮ ಹೇಳತೊಡಗಿದರೆ ಯಾರನ್ನು ತಳ್ಳುವುದು?

ಮನೆಯಲ್ಲಿ ಹೆಂಡತಿ ಸೆವೆರಿನಾ ಗಂಜಿ ಬಡಿಸಿ ಎದುರಿಗೆ ಕುಳಿತಳು. ಅವಳ ಕೊರಳಲ್ಲಿ ಬಸ್ತ್ಯಾಂವನ ತಾತ ಮಾಡಿದ ಗೂಡಿತ್ತು. ಒಳಗೆ ಸಂತ ಅನ್ನಮ್ಮನ ಪೀಠದ ಬಟ್ಟೆಯ ಒಂದು ಕೆಂಪು ಎಳೆ. ಕೇರಿಯಲ್ಲಿ ಯಾವ ಹೆಂಗಸಿಗೆ ನೋವು ಕಾಣಿಸಿಕೊಂಡರೂ ಸೆವೆರಿನಾ ಅದನ್ನು ಒಯ್ದು ಅವಳ ಹೊಟ್ಟೆಯ ಮೇಲಿಡುತ್ತಿದ್ದಳು. ಇಪ್ಪತ್ತೆರಡು ಮನೆಗಳ ಮಕ್ಕಳೆಲ್ಲ ಅದರ ಕೆಳಗೇ ಹುಟ್ಟಿದವರು.

“ಅದನ್ನು ನಾಳೆ ನನಗೆ ಕೊಡುತ್ತೀಯಾ?”

“ಇದನ್ನಾ? ಎಂತಕ್ಕೆ?”

ಅವನು ತಲೆಹೊಣೆಯ ಮಾತೂ ಸೇರಿಸಿ ಎಲ್ಲವನ್ನೂ ಹೇಳಿದ. ಅವಳು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

“ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ? ರವೆ ಎಣಿಸಿ ಅರಸರು ನಂಬುತ್ತಾರಾ?”

“ನಂಬದಿದ್ದರೆ ಕೇರಿ ಹೇಗೂ ಉಳಿಯುವುದಿಲ್ಲ ಸೆವೆರಿನಾ. ನಾವು ಬಂದ ದಿನ ಪ್ರಧಾನಿಗಳು ಮೊಣಕಾಲುದ್ದ ನೀರಿಗಿಳಿದು ನಿನ್ನ ಕೈಹಿಡಿದು ದೋಣಿಯಿಂದ ಇಳಿಸಿದ್ದು ಮರೆತೆಯಾ? ನೀನಾಗ ತುಂಬಿದ ಬಸುರಿ.”

ಅವಳು ಮರೆತಿರಲಿಲ್ಲ. ಸರವನ್ನು ಕೊರಳಿನಿಂದ ತೆಗೆದು, ಗೂಡಿಗೆ ಮುತ್ತಿಟ್ಟು, ಅವನ ಅಂಗೈಯಲ್ಲಿಟ್ಟಳು. “ತೋರಿಸಿ ತಿರುಗಿ ತನ್ನಿ. ದುಮಿಂಗನ ಹೆಂಡತಿಗೆ ದಿನ ತುಂಬುತ್ತಾ ಬಂತು. ಇದಕ್ಕೆ ಏನೂ ಆಗಬಾರದು.”

“ಏನೂ ಆಗುವುದಿಲ್ಲ” ಎಂದ ಬಸ್ತ್ಯಾಂವ್. ಆ ಹೊತ್ತಿಗೆ ಅವನು ಹಾಗೆಂದೇ ನಂಬಿದ್ದ.

ಮೂರನೆಯ ಬೆಳಿಗ್ಗೆ ಅರಮನೆಯ ಮುಂದಣ ಅಂಗಳದಲ್ಲಿ ಊರೆಲ್ಲ ನೆರೆದಿತ್ತು. ಸಂಕೋಲೆ ತೊಟ್ಟ ಅನಂತರಸಯ್ಯನವರು ನಡುವೆ ನಿಂತಿದ್ದರು. ಸೆರೆಯಲ್ಲಿಯೂ ಮಿಂದು ಮಡಿಯುಟ್ಟು, ಹಣೆಗೆ ಗಂಧವಿಟ್ಟುಕೊಂಡು ಬಂದಿದ್ದರು. ಉಪ್ಪರಿಗೆಯ ಮೇಲೆ ನಾಯಕರು ಅವರತ್ತ ನೋಡದೆ ಕುಳಿತಿದ್ದರು. ಡಂಗುರದವನು ಉರುಹಾಕಿದ್ದನ್ನು ಒಪ್ಪಿಸುವ ದನಿಯಲ್ಲಿ ಕೂಗಿದ: “ಇವರ ತಲೆಗೆ ತನ್ನ ತಲೆ ಹೊಣೆಯಿಡುವವರು ಯಾರಾದರೂ ಇದ್ದೀರೋ?” ಒಂದಾಯಿತು. ಎರಡಾಯಿತು. ಮೂರನೆಯ ಕೂಗು ಮುಗಿಯುವ ಮುನ್ನ ಜನರ ನಡುವಿನಿಂದ ಒಂದು ದನಿ ಬಂತು.

“ನಾನಿದ್ದೇನೆ.”

ಡಂಗುರದವನಿಗೆ ಮುಂದೇನು ಹೇಳಬೇಕೆಂದೇ ತಿಳಿಯಲಿಲ್ಲ. ನಲವತ್ತು ವರ್ಷದಿಂದ ಮುಂದಿನ ಸಾಲು ಬೇಕಾಗಿರಲಿಲ್ಲ. ಪ್ರಧಾನಿಗಳು ತಿರುಗಿ ನೋಡಿದರು.

“ಬಸ್ತ್ಯಾಂವ್, ಹಿಂದಕ್ಕೆ ಹೋಗು. ನಿನಗೆ ಸಂಸಾರವಿದೆ.”

“ಸಂಸಾರ ಉಳಿದದ್ದೇ ತಮ್ಮಿಂದ ಬುದ್ಧಿ. ಇದೊಂದು ಸಲ ತಮ್ಮ ಮಾತು ಮೀರುತ್ತೇನೆ.”

ನಾಯಕರು ಉಪ್ಪರಿಗೆಯಿಂದ ಇಳಿದುಬಂದರು. ಬಸ್ತ್ಯಾಂವ್ ಕೈಮುಗಿದು, ತಾನು ಮಾಡಿದ್ದು ಒಂದಲ್ಲ ಎರಡು ಪದಕವೆಂದೂ, ಎರಡನೆಯದು ದಳವಾಯಿಗಳ ಮನೆಗೆ ಹೋಯಿತೆಂದೂ, ಕಾಗದ ಸಿಕ್ಕಿದ್ದು ಅದರಲ್ಲೆಂದೂ ಅರಿಕೆ ಮಾಡಿಕೊಂಡ. ಕೆಂಚರಸನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಮಾಡಿಸಿದ್ದು ನಿಜ, ಮಹಾಸ್ವಾಮಿ. ನನ್ನ ಮಗಳ ಪದಕ ನನ್ನ ಮಗಳ ಕೊರಳಲ್ಲೇ ಇದೆ. ಬೇಕಿದ್ದರೆ ತರಿಸುತ್ತೇನೆ.”

ತರಿಸಿದ. ಎರಡೂ ಪದಕಗಳನ್ನು ಒಂದೇ ತಟ್ಟೆಯಲ್ಲಿಟ್ಟಾಗ ಅವಳಿ ಮಕ್ಕಳಂತೆ ಕಂಡವು. ಜನ ಗುಸುಗುಸು ಎಂದರು. ಬಸ್ತ್ಯಾಂವ್ ಒಮ್ಮೆ ಕಣ್ಣುಮುಚ್ಚಿ, ತಂದೆಯ ಮುಂದೆ ಮಾಡಿದ ಆಣೆಯನ್ನು ನೆನೆದು, ಆ ಆಣೆಯನ್ನು ಮುರಿದ. ಐವತ್ತಮೂರರ ಲೆಕ್ಕವನ್ನೂ, ಐವತ್ತೆರಡರ ಲೆಕ್ಕವನ್ನೂ ತುಂಬಿದ ಅಂಗಳದಲ್ಲಿ ಬಿಡಿಸಿ ಹೇಳಿದ. ಜನರ ಹಿಂದೆ ನಿಂತಿದ್ದ ಜುಜೆ ಪಾದ್ರಿಗಳು ಮುಖ ತಿರುಗಿಸಿದ್ದು ಅವನಿಗೆ ಕಂಡಿತು.

ನಾಯಕರು ಸೂಜಿಯ ಮೊನೆಯಿಂದ ತಾವೇ ಎಣಿಸಿದರು. ದಳವಾಯಿಯ ಮಗಳ ಪದಕದಲ್ಲಿ ಐವತ್ತಮೂರು. ಕಾಗದ ಸಿಕ್ಕಿದ್ದರಲ್ಲಿ ಐವತ್ತೆರಡು.

“ಈ ಕತೆಯನ್ನು ಇವನು ನಿನ್ನೆ ಕಟ್ಟಿದ್ದು, ಪ್ರಭು” ಎಂದ ಕೆಂಚರಸ. “ಒಡವೆಯಿಂದ ಒಂದು ರವೆ ಉದುರಿದೆ. ಅದನ್ನು ನೋಡಿಕೊಂಡು, ತಲೆಮಾರಿನ ಗುಟ್ಟೆಂದು ಹೇಳುತ್ತಿದ್ದಾನೆ.”

“ಮಹಾಸ್ವಾಮಿ, ರಾಜಮಾತೆಯವರ ಹತ್ತಿರ ನಮ್ಮ ತಂದೆ ಮಾಡಿಕೊಟ್ಟ ಒಂದು ಪದಕವಿದೆ. ಮಾಡಿ ಹದಿನೆಂಟು ವರ್ಷವಾಯಿತು. ನಾನದನ್ನು ಆಮೇಲೆ ಕಂಡಿಲ್ಲ. ಅದು ಶೃಂಗಾರಕ್ಕೆ ಮಾಡಿದ್ದು. ಅದರಲ್ಲಿ ಐವತ್ತೆರಡೇ ಇರಬೇಕು, ಬಳೆಯ ಎಡಗಡೆ ಜಾಗ ಖಾಲಿಯಿರಬೇಕು. ಇಲ್ಲದಿದ್ದರೆ ನನ್ನ ತಲೆ ತೆಗೆಸಿ.”

ಅಂತಃಪುರದಿಂದ ಪದಕ ಬಂತು. ನಾಯಕರು ಎಣಿಸಿದರು, ನಂಬಿಕೆ ಸಾಲದೆ ಮತ್ತೊಮ್ಮೆ ಎಣಿಸಿದರು. ಐವತ್ತೆರಡು. ಎಡಗಡೆ ಖಾಲಿ.

ಕೆಂಚರಸ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ. “ಹಳೆಯ ಒಡವೆ, ಪ್ರಭು. ಇದರದೂ ಉದುರಿದೆ. ಬಳೆಯ ಹತ್ತಿರ ಸರ ಉಜ್ಜುತ್ತದೆ, ಅಲ್ಲಿನದೇ ಮೊದಲು ಸಡಿಲವಾಗುತ್ತದೆ. ಇದಕ್ಕೆ ಗುಟ್ಟೇಕೆ, ಅಕ್ಕಸಾಲಿಯೇ ಏಕೆ?”

ಸಭೆ ತಲೆದೂಗಿತು. ಬಸ್ತ್ಯಾಂವನಿಗೆ ಕೂಗಿಬಿಡೋಣ ಎನ್ನಿಸಿತು. ಮೂರು ದಿನದಿಂದ ಯಾವ ಬಾಗಿಲು ತೆರೆದರೂ ಅದರ ಹಿಂದೆ ಇನ್ನೊಂದು ಬಾಗಿಲು.

“ಉದುರಿದ ಜಾಗಕ್ಕೂ ಇಡದೆ ಬಿಟ್ಟ ಜಾಗಕ್ಕೂ ವ್ಯತ್ಯಾಸವಿದೆ, ಮಹಾಸ್ವಾಮಿ. ಇಟ್ಟದ್ದು ಕಿತ್ತುಬಂದರೆ ಬೆಸುಗೆಯ ಗಾಯ ಉಳಿಯುತ್ತದೆ. ಇಡದೆ ಬಿಟ್ಟಲ್ಲಿ ತಂತಿ ನುಣ್ಣಗಿರುತ್ತದೆ. ದಳವಾಯಿಗಳು ತಂದ ಪದಕದಿಂದ ಒಂದು ರವೆ ಕಿತ್ತು ತೋರಿಸಲು ಅಪ್ಪಣೆಯಾಗಲಿ.”

“ಸಾಕ್ಷಿಯ ವಸ್ತುವನ್ನು ವಿಕಾರಗೊಳಿಸಕೂಡದು” ಎಂದರು ಧರ್ಮಾಧಿಕಾರಿಗಳು, ಗ್ರಂಥದಿಂದ ತಲೆಯೆತ್ತದೆ. ರಾಜಮಾತೆಯವರ ಒಡವೆಗೆ ಉಳಿ ತಾಗಿಸುವ ಮಾತನ್ನಂತೂ ಯಾರೂ ಎತ್ತುವಂತಿರಲಿಲ್ಲ.

ಉಳಿದದ್ದು ಒಂದೇ. ಅದು ಅವನ ನಡುಕಟ್ಟಿನಲ್ಲಿ, ಹೆಂಡತಿಯ ಸೆರಗಿನ ಚಿಂದಿಯಲ್ಲಿ ಸುತ್ತಿಕೊಂಡು ಬೆಚ್ಚಗೆ ಕುಳಿತಿತ್ತು. ಏನೂ ಆಗುವುದಿಲ್ಲ ಎಂದು ಹೇಳಿ ತಂದಿದ್ದ. ಒಂದು ರವೆ ಕಿತ್ತರೆ ತಿರುಗಿ ಬೆಸೆಯುವಂತಿಲ್ಲ. ಬೆಸುಗೆಯ ಉರಿ ತಾಗಿದರೆ ಒಳಗಿನ ಅರಗೂ ಎಳೆಯೂ ಸುಟ್ಟುಹೋಗುತ್ತವೆ. ತಾತ ಇಟ್ಟ ಐವತ್ತಮೂರು ಶಾಶ್ವತವಾಗಿ ಐವತ್ತೆರಡಾಗುತ್ತದೆ. ಅವನದೇ ಮನೆತನದ ನಿಯಮದ ಪ್ರಕಾರ ಅದು ಖಾಲಿ ಗೂಡಾಗುತ್ತದೆ.

ಅವನು ಗೂಡನ್ನು ಹೊರತೆಗೆದು ನಾಯಕರಿಗೆ ಕೊಟ್ಟ. “ಇದು ಸಂತರದು. ಮೊದಲು ಎಣಿಸಬೇಕು.” ಐವತ್ತಮೂರು. ತಿರುಗಿ ಕೈಗೆ ಬಂದಾಗ ಅದನ್ನು ಎದೆಗೊತ್ತಿಕೊಂಡ. ಆಮೇಲೆ ಕಸುಬಿನ ಚೀಲದಿಂದ ತೆಗೆದ ಸಣ್ಣ ಉಳಿಯ ಮೊನೆಯನ್ನು ಬಳೆಯ ಎಡಗಡೆಯ ರವೆಯ ಬುಡಕ್ಕಿಟ್ಟು ಒತ್ತಿದ. ಟಿಕ್ ಎಂದಿತು, ಅಷ್ಟೆ. ಆ ಸದ್ದು ಅಂಗಳದಲ್ಲಿ ಯಾರಿಗೂ ಕೇಳಿಸಿರಲಾರದು. ಅವನಿಗೆ ಮಾತ್ರ ಸಾಯುವವರೆಗೂ ಕೇಳಿಸುತ್ತಿತ್ತು.

ಕಿತ್ತ ಜಾಗದಲ್ಲಿ ಬೆಸುಗೆಯ ಬೂದುಬಣ್ಣದ ಒರಟು ಕಲೆ, ಉಗುರು ತಾಗಿದರೆ ತಿಳಿಯುವಂಥದ್ದು, ಎದ್ದು ಕಂಡಿತು. ನಾಯಕರು ಅದರ ಮೇಲೆ ಬೆರಳಾಡಿಸಿದರು. ರಾಜಮಾತೆಯವರ ಪದಕದ ಮೇಲೆ ಆಡಿಸಿದರು: ನುಣುಪು. ಕಾಗದ ಸಿಕ್ಕಿದ ಪದಕದ ಮೇಲೆ ಆಡಿಸಿದರು: ನುಣುಪು. ಕೊನೆಗೆ ದಳವಾಯಿಯ ಮಗಳ ಕೊರಳಿನಿಂದ ಬಂದದ್ದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು.

“ಕೆಂಚರಸ, ಪ್ರಧಾನಿಗಳ ಉಡುಗೊರೆ ನಿನ್ನ ಮಗಳ ಕೊರಳಿಗೆ ಹೇಗೆ ಬಂತು?”

ಉತ್ತರಕ್ಕೆ ಅವರು ಕಾಯಲಿಲ್ಲ. ಸೆರೆಯಾಳಿನ ಸಂಕೋಲೆಯನ್ನು ನಾಯಕರು ತಾವೇ ಬಗ್ಗಿ ಬಿಚ್ಚಿದರು. ಬಿಚ್ಚುವಾಗ ಅತ್ತರೆಂದು ನೋಡಿದವರು ಹೇಳುತ್ತಾರೆ.

ಕತೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಕೆಂಚರಸ ರಾಜಮಾತೆಯವರ ಅಣ್ಣನ ಮಗ. ಅವನ ತಲೆ ಹೋಗಲಿಲ್ಲ, ಹವೆ ಬದಲಾವಣೆಗೆಂಬಂತೆ ಘಟ್ಟದ ಮೇಲಿನ ದುರ್ಗಕ್ಕೆ ಪಲ್ಲಕ್ಕಿಯಲ್ಲಿ ಹೋದ. ಪ್ರಧಾನಿಗಳು ತಿರುಗಿ ಮುದ್ರೆಯುಂಗುರ ತೊಟ್ಟರು, ಕೇರಿ ಉಳಿಯಿತು. ಬಸ್ತ್ಯಾಂವನಿಗೆ ಆಸ್ಥಾನದಲ್ಲಿ ಶಾಲು ಹೊದಿಸಿದರು. ಅದನ್ನು ಹೊದ್ದು ಮನೆಗೆ ಬಂದವನು ಗೂಡನ್ನು ಹೆಂಡತಿಯ ಕೈಗಿಟ್ಟಾಗ ಅವಳು ಹೆಬ್ಬೆರಳಿನಿಂದ ಅಂಚು ಸವರಿದಳು, ಒರಟು ಜಾಗದ ಮೇಲೆ ಬೆರಳು ನಿಂತಿತು. ಗೂಡನ್ನು ದೇವರ ಗೂಟಕ್ಕೆ ತೂಗುಹಾಕಿದಳು, ಕೊರಳಿಗೆ ಹಾಕಿಕೊಳ್ಳಲಿಲ್ಲ. ಅವಳು ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಪಾದ್ರಿಗಳು ಹೇಳಿದ್ದು ಅಕ್ಷರಶಃ ನಡೆಯಿತು. ತಿಂಗಳೊಳಗೆ ಶಂಖಪುರದ ಸಂತೆಯಲ್ಲಿ ಐವತ್ತಮೂರು ರವೆಯ ಗೂಡುಗಳು ಬದನೆಕಾಯಿಯಂತೆ ರಾಶಿಬಿದ್ದವು. ಯಾವ ಇಗರ್ಜಿಯಿಂದಲೂ ಬಸ್ತ್ಯಾಂವನಿಗೆ ಕರೆ ಬರಲಿಲ್ಲ. ಅವನು ಕಾಲುಂಗುರ, ಗೆಜ್ಜೆ, ಸುಣ್ಣದ ಡಬ್ಬಿ ಮಾಡತೊಡಗಿದ. ಸರಿಯಾದದ್ದನ್ನೇ ಮಾಡಿದೆನಲ್ಲ, ಆದರೂ ಏಕೆ ಹೀಗೆ ಎಂದು ಬೆಳ್ಳಿಯನ್ನು ಕೇಳಿದ, ಚಿಮಟವನ್ನು ಕೇಳಿದ. ಹೆಂಡತಿಯನ್ನು ಕೇಳಲು ಧೈರ್ಯವಾಗಲಿಲ್ಲ.

ಒಂದು ಬೆಳಿಗ್ಗೆ ದೋಣಿಯ ದುಮಿಂಗ್ ಓಡುತ್ತ ಬಂದು ಜಗಲಿಯ ಕೆಳಗೆ ನಿಂತ.

“ಸೆವೆರಿನಾ ಬಾಯಿ, ಸೂರ್ಯ ಹುಟ್ಟುವ ಮೊದಲು ನೋವು ಶುರುವಾದದ್ದು. ಇನ್ನೂ ಏನೂ ಇಲ್ಲ. ಗೂಡು ಒಮ್ಮೆ ಕೊಡಿ.”

ಬಸ್ತ್ಯಾಂವ್ ತಲೆಯೆತ್ತದೆ ಹೇಳಿದ. “ಅದು ಈಗ ಖಾಲಿ ಗೂಡು ದುಮಿಂಗ್. ಐವತ್ತೆರಡೇ ಇದೆ. ಇಗರ್ಜಿಯದನ್ನು ಕೇಳು.”

ಒಳಗಿನಿಂದ ಸೆವೆರಿನಾ ಬಂದಳು. ಗೂಡು ಅವಳ ಕೈಯಲ್ಲಿತ್ತು, ಅದನ್ನು ಸೆರಗಿನಲ್ಲಿ ಒರೆಸುತ್ತಿದ್ದಳು.

“ಎಣಿಸುವುದು ನಿಮ್ಮ ಕಸುಬು ಮಾರಾಯ್ರೆ. ಹೆರುವವಳು ಎಣಿಸುತ್ತಾ ಕೂರುತ್ತಾಳಾ?” ಎಂದಳು. “ಇದು ಒಬ್ಬರ ತಲೆ ಉಳಿಸಿ ಬಂದದ್ದು. ನಡೆ ದುಮಿಂಗ್.”

ಅವಳು ಹೋದಳು. ಬಸ್ತ್ಯಾಂವನ ಕೈಯಲ್ಲಿದ್ದ ಗೆಜ್ಜೆ ಮುಂದುವರಿಯಲಿಲ್ಲ. ಜಗಲಿಯ ಮೇಲೆ ಕುಳಿತು ದುಮಿಂಗನ ಮನೆಯ ಕಡೆಗೇ ನೋಡುತ್ತಿದ್ದ. ಬಿಸಿಲು ಏರಿತು. ಹೊಳೆಯ ನೀರೂ ಏರಿ ಏಳನೆಯ ಮೆಟ್ಟಿಲು ಮುಟ್ಟಿತು, ನಗಾರಿ ಮೊಳಗಿತು. ಅದರ ಸದ್ದಡಗಿದ ಮೇಲೆ ಆ ಮನೆಯಿಂದ ಹೆಂಗಸರು ಒಟ್ಟಿಗೆ ಮಾತಾಡುವುದು, ಆಮೇಲೆ ನಗುವುದು ಕೇಳಿಸಿತು.

ಸೆವೆರಿನಾ ತಿರುಗಿ ಬಂದಾಗ ಗೂಡು ಅವಳ ಕೊರಳಲ್ಲಿತ್ತು. ಕುಪ್ಪಸದ ಮೇಲೆ, ಬಳೆಯ ಎಡಗಡೆಯ ಗಾಯ ದಾರಿಹೋಕರಿಗೆಲ್ಲ ಕಾಣುವಂತೆ, ಅದನ್ನು ಇಳಿಬಿಟ್ಟುಕೊಂಡಿದ್ದಳು.

“ಹೆಣ್ಣು” ಎಂದಳು. “ಆ ಮಗುವಿಗೊಂದು ಸಣ್ಣ ಗೂಡು ಮಾಡಿಕೊಡಬೇಕು. ಮುದ್ರೆ ಒತ್ತುತ್ತೇನೆಂದು ಪಾದ್ರಿಗಳು ಒಪ್ಪಿದ್ದಾರೆ. ನಾನೇ ದಾರಿಯಲ್ಲಿ ನಿಲ್ಲಿಸಿ, ಈ ಗಾಯ ತೋರಿಸಿ ಕೇಳಿದೆ.”

ಬಸ್ತ್ಯಾಂವ್ ಕೇಳಿದ: “ಎಷ್ಟು ರವೆ ಇಡಲಿ?”

“ಸಂತೆಯಲ್ಲೆಲ್ಲ ಐವತ್ತಮೂರರದೇ ಉಂಟಂತೆ. ನಿಮ್ಮದಕ್ಕೆ ಒಂದು ಕಮ್ಮಿ ಇರಲಿ. ಯಾವುದು ನಿಜದ್ದೆಂದು ಗೊತ್ತಾಗಬೇಕಲ್ಲ.”

ಅವಳು ಒಲೆ ಹಚ್ಚಲು ಒಳಗೆ ಹೋದಳು. ಬಸ್ತ್ಯಾಂವ್ ಗೆಜ್ಜೆಯನ್ನು ಪಕ್ಕಕ್ಕಿಟ್ಟು, ತಂತಿ ಎಳೆಯುವ ಹಲಗೆಯನ್ನು ಮೂಲೆಯಿಂದ ತೆಗೆದು ಧೂಳು ಒರೆಸಿದ.